ಅರಮನೆಯ ಊರಿನಲ್ಲಿ ತಂಗಿಗೊಂದು ದಿನ

ಮೈಸೂರಿನಲ್ಲಿ ಮನೆ ಮಾಡಿದವನಿಗೆ ಬೇರೆ ಯಾವುದರ ಕೊರತೆಯಿದ್ದರೂ ನೆಂಟರ ಕೊರತೆಯೊಂದು ಇರುವುದಿಲ್ಲ. ದಸರೆಗೆ ಬರುವವರು, ಬೇಸಗೆಯ ರಜೆಗೆ ಬರುವವರು, ನಂಜನಗೂಡಿನ ತೇರಿಗೆ ಹೋಗುತ್ತ ಒಂದು ರಾತ್ರಿ ತಂಗುವವರು, ಹೆಣ್ಣು ನೋಡಲು ಬಂದು ಹಾಗೆಯೇ ಅರಮನೆಯನ್ನೂ ನೋಡಿಹೋಗುವವರು - ಹೀಗೆ ವರ್ಷದ ಹನ್ನೆರಡು ತಿಂಗಳೂ ಬಾಗಿಲ ಬಳಿ ಹೊಸ ಚಪ್ಪಲಿಗಳು. ಇವರ ದೆಸೆಯಿಂದಲೇ ಮೈಸೂರಿಗನು ತನ್ನ ಊರನ್ನು ನೋಡುವುದು. ನೆಂಟರಿಲ್ಲದ ದಿನಗಳಲ್ಲಿ ಅವನ ಪಾಲಿಗೆ ಅರಮನೆಯೆಂದರೆ ಬಸ್ಸು ತಿರುಗುವ ಒಂದು ಮೂಲೆ. ಚಾಮುಂಡಿಬೆಟ್ಟವೆಂದರೆ ಮಳೆ ಬಂದೀತೇ ಎಂದು ತಲೆಯೆತ್ತಿ ನೋಡುವ ದಿಕ್ಕು.

ಇಷ್ಟು ಜನ ಬಂದುಹೋಗುವ ಮನೆಯಲ್ಲಿ ಊರನ್ನು ಕಾಣದೆ ಹಿಂದಿರುಗುವವಳು ಒಬ್ಬಳುಂಟು. ಅವಳು ಮನೆಯ ಮಗಳು. ಅವಳು ನೆಂಟಳಲ್ಲವಷ್ಟೆ! ಅತ್ತಿಗೆಯ ಬಾಣಂತನಕ್ಕೆ ಬರುತ್ತಾಳೆ, ನಾಮಕರಣಕ್ಕೆ ಬರುತ್ತಾಳೆ, ತಾಯಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಬರುತ್ತಾಳೆ. ಬಂದವಳು ಕೈಕಾಲು ತೊಳೆದು ನೇರವಾಗಿ ಅಡುಗೆಮನೆಗೆ ನಡೆಯುತ್ತಾಳೆ. ಊರು ಎಲ್ಲಿ ಓಡಿಹೋಗುತ್ತದೆ, ಇನ್ನೊಮ್ಮೆ ನೋಡಿದರಾಯಿತು ಎನ್ನುತ್ತಾಳೆ. ಆ ಇನ್ನೊಮ್ಮೆಯು ಮೂವತ್ತು ವರ್ಷವಾದರೂ ಬಂದಿರುವುದಿಲ್ಲ.

ಅಂತಹ ಒಬ್ಬ ತಂಗಿಗೆ, ಶಿವರಾತ್ರಿ ಕಳೆದು ಬಿಸಿಲೇರತೊಡಗಿದ ದಿನಗಳಲ್ಲಿ, ಇಡಿಯ ಒಂದು ಭಾನುವಾರ ದೊರೆಯಿತು.

ತಂಗಿಯ ಸಂಸಾರ ಶಿವಮೊಗ್ಗದಲ್ಲಿ. ಅಣ್ಣನದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಅವನಿಗೆ ಅರುವತ್ತು ಸಮೀಪಿಸಿತ್ತು; ಅವಳಿಗೆ ಐವತ್ತೇಳು. ಇಬ್ಬರೂ ಹುಟ್ಟಿ ಬೆಳೆದದ್ದು ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ. ಶಿವಮೊಗ್ಗದಿಂದ ಮೈಸೂರಿಗೆ ಬರುವ ರೈಲು ಅರಸೀಕೆರೆ, ಹಾಸನಗಳನ್ನು ದಾಟಿ ಹೊಳೆನರಸೀಪುರದ ಮೇಲೆಯೇ ಹಾದುಬರುತ್ತದೆ. ಎಷ್ಟೋ ವರ್ಷ ಅವಳ ಪ್ರಯಾಣ ಆ ನಿಲ್ದಾಣದಲ್ಲಿಯೇ ಮುಗಿಯುತ್ತಿತ್ತು. ಮೊದಲು ತಂದೆ ತೀರಿಕೊಂಡರು, ಆಮೇಲೆ ತಾಯಿ. ಮನೆಗೆ ಬೀಗ ಬಿದ್ದಿತು. ಈ ಸಲ ರೈಲು ಅಲ್ಲಿ ನಿಂತಾಗ ಅವಳು ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದಳು, ರೈಲು ಹೊರಟಿತು, ಅವಳೂ ಮುಂದೆ ಬಂದಳು.

ಬಂದ ಕಾರ್ಯ ಸೋಮವಾರದ್ದು. ಸೋಮವಾರ ಬೆಳಿಗ್ಗೆ ಅಣ್ಣತಂಗಿಯರಿಬ್ಬರೂ ಹೊಳೆನರಸೀಪುರಕ್ಕೆ ಹೋಗಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಒಂದು ಕಾಗದವನ್ನು ನೋಂದಾಯಿಸಬೇಕಾಗಿತ್ತು. ಮನೆಯನ್ನು ಮಾರುವುದೆಂದು ನಿಶ್ಚಯವಾಗಿತ್ತು. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿ, ಉಯಿಲು ಬರೆಯದೆ ಕಣ್ಮುಚ್ಚಿದ ಮನೆ ಅದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅಂತಹ ಮನೆಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ ಪಾಲು. ಆದರೆ ಕಾಯಿದೆಗಿಂತ ಹಳೆಯದಾದ ಪದ್ಧತಿಯೊಂದು ಕನ್ನಡನಾಡಿನ ಮನೆಮನೆಗಳಲ್ಲಿ ನಡೆದುಬಂದಿದೆ. ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಾಳೆ. ಅಣ್ಣನು ಅರಿಸಿನ ಕುಂಕುಮವಿಟ್ಟು ಒಂದು ಸೀರೆ ಕೊಡುತ್ತಾನೆ. ತವರಿನ ಬಾಗಿಲು ತೆರೆದೇ ಇರುತ್ತದೆ. ಈ ತಂಗಿಯನ್ನು ಯಾರೂ ಒತ್ತಾಯಪಡಿಸಿರಲಿಲ್ಲ. ತಾನಾಗಿಯೇ ಫೋನು ಮಾಡಿ, "ರುಜುವಿಗೆ ಯಾವತ್ತು ಬರಲಿ, ಅಣ್ಣ?" ಎಂದು ಕೇಳಿದ್ದಳು. ಅಣ್ಣನೂ ಬೇಡವೆಂದಿರಲಿಲ್ಲ.

ಭಾನುವಾರ ಬೆಳಗ್ಗೆ ಎಂದಿನಂತೆ ಅಡುಗೆಮನೆಗೆ ಹೊರಟವಳನ್ನು ಅತ್ತಿಗೆ ಬಾಗಿಲಲ್ಲಿಯೇ ತಡೆದಳು. "ಇವತ್ತು ನೀನು ಒಲೆಯ ಹತ್ತಿರ ಬಂದರೆ ನೋಡು! ಅಣ್ಣನ ಜೊತೆ ಊರು ಸುತ್ತಿ ಬಾ. ರಾತ್ರಿಯ ಊಟಕ್ಕೆ ಬಂದರೆ ಸಾಕು" ಎಂದಳು. ಹೀಗೆ ಅವರು ಹೊರಟದ್ದು.

ಮೈಸೂರನ್ನು ನೋಡತೊಡಗುವವರಿಗೆ ಬೆಟ್ಟದಿಂದ ತೊಡಗುವುದೇ ಕ್ರಮ. ಸಮುದ್ರಮಟ್ಟದಿಂದ ಸುಮಾರು 3,489 ಅಡಿ ಎತ್ತರದ ಚಾಮುಂಡಿಬೆಟ್ಟಕ್ಕೆ ಒಂದು ಸಾವಿರಕ್ಕೂ ಮಿಗಿಲಾದ ಮೆಟ್ಟಿಲುಗಳಿವೆ. ಅವನ್ನು ಕಟ್ಟಿಸಿದವನು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು. ಐವತ್ತು ಮೀರಿದ ಮೊಣಕಾಲುಗಳಿಗೆ ಇರುವ ಉಪಾಯವೆಂದರೆ ಬಸ್ಸಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವುದು. ಅವರು ಮಾಡಿದ್ದೂ ಅದನ್ನೇ. ಬೆಳಗಿನ ಪೂಜೆಯ ಹೊತ್ತಿಗೆ ದೇವಿಯ ದರ್ಶನ ಮುಗಿಸಿ, ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಎತ್ತಿಸಿದ ಗೋಪುರವನ್ನು ಕತ್ತೆತ್ತಿ ನೋಡಿ, ಖಡ್ಗವನ್ನೂ ಹಾವನ್ನೂ ಹಿಡಿದು ನಿಂತ ಮಹಿಷಾಸುರನನ್ನು ಬಳಸಿಕೊಂಡು ಮೆಟ್ಟಿಲ ದಾರಿ ಹಿಡಿದರು.

ಇಳಿಯುವವರಿಗೆ ಎದುರಾಗಿ ಹೆಂಗಸರ ಒಂದು ಗುಂಪು ಬಾಗಿ ಬಾಗಿ ಮೇಲೇರುತ್ತಿತ್ತು. ಒಬ್ಬೊಬ್ಬರ ಕೈಯಲ್ಲಿಯೂ ಅರಿಸಿನ ಕುಂಕುಮದ ಬಟ್ಟಲು. ಒಂದು ಮೆಟ್ಟಿಲಿಗೆ ಬೊಟ್ಟಿಡುವುದು, ಮೇಲೆ ಹತ್ತುವುದು, ಮುಂದಿನ ಮೆಟ್ಟಿಲಿಗೆ ಬೊಟ್ಟಿಡುವುದು. ಹೀಗೆ ಬೆಟ್ಟದ ಬುಡದಿಂದ ತುದಿಯವರೆಗೆ ಒಂದನ್ನೂ ಬಿಡುವಂತಿಲ್ಲ, ಅದು ಹರಕೆ. ತಂಗಿ ಬದಿಗೆ ಸರಿದು ನಿಂತಳು.

"ಇಷ್ಟು ಬೊಟ್ಟಿಟ್ಟು ಇವರು ಏನನ್ನು ಬೇಡುತ್ತಾರೋ?" ಎಂದ ಅಣ್ಣ.

"ಮನೆ ಕೇಳುತ್ತಾರೆ, ಮಕ್ಕಳನ್ನು ಕೇಳುತ್ತಾರೆ. ಇನ್ನೇನು ಕೇಳುತ್ತಾರೆ?" ಎಂದಳು ತಂಗಿ.

ಮುನ್ನೂರು ಮೆಟ್ಟಿಲು ಇಳಿದರೆ ನಂದಿ. ಕೆಳಗಿನಿಂದ ಹತ್ತಿ ಬರುವವರಿಗೆ ಅದು ಏಳುನೂರನೆಯ ಮೆಟ್ಟಿಲ ಬಳಿಯ ವಿಶ್ರಾಂತಿ. ಇದೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಒಂದೇ ಬಂಡೆಯಲ್ಲಿ ಕಡೆದ, ಹದಿನಾರು ಅಡಿಯಷ್ಟು ಎತ್ತರದ, ಇಪ್ಪತ್ತೈದು ಅಡಿಯಷ್ಟು ಉದ್ದದ ಆ ಮೂರ್ತಿಯ ಕೊರಳ ಗಂಟೆಗಳ ಸಾಲು, ಮುಂಗಾಲನ್ನು ಮಡಿಸಿದ ರೀತಿ, ಎಷ್ಟು ನೋಡಿದರೂ ಕಣ್ಣು ತಣಿಯದು. ನಂದಿಯ ಬಳಿಯಿಂದ ಊರು ಪೂರ್ತಿಯಾಗಿ ಕಾಣುತ್ತದೆ. ಅಲ್ಲಿ ಕಾರಂಜಿ ಕೆರೆ. ಇಲ್ಲಿ ವೈಸರಾಯರ ವಾಸ್ತವ್ಯಕ್ಕೆಂದು 1921ರಲ್ಲಿ ಅಸ್ತಿಭಾರವಿಟ್ಟ ಲಲಿತಮಹಲಿನ ಬಿಳಿಯ ಗುಮ್ಮಟ. ನಡುವೆ ಮರಗಳ ಹಸುರಿನಲ್ಲಿ ಅರಮನೆ. ಮೂವತ್ತು ವರ್ಷ ಬಂದುಹೋದ ಊರನ್ನು ತಂಗಿ ಒಟ್ಟಾಗಿ ಕಂಡದ್ದು ಅದೇ ಮೊದಲು. "ನಮ್ಮ ಅತ್ತಿಗೆಯ ಅಡುಗೆಮನೆ ಯಾವ ಕಡೆಗಿದೆ?" ಎಂದು ಕೇಳಿ ಅವಳೇ ನಕ್ಕಳು.

ಉಳಿದ ಏಳುನೂರನ್ನೂ ಇಳಿದು, ನಡುಗುವ ಮೊಣಕಾಲುಗಳನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಅವರು ಹೋದದ್ದು ಮೃಗಾಲಯಕ್ಕೆ. ಐವತ್ತೇಳರ ಹೆಂಗಸಿಗೆ ಮೃಗಾಲಯವೇ ಎಂದು ಯಾರಾದರೂ ನಗಬಹುದು. ಆದರೆ ಅದಕ್ಕೊಂದು ಹಳೆಯ ಬಾಕಿ ಇತ್ತು.

ಅವನು ಏಳನೆಯ ತರಗತಿಯಲ್ಲಿಯೂ ಅವಳು ನಾಲ್ಕನೆಯ ತರಗತಿಯಲ್ಲಿಯೂ ಓದುತ್ತಿದ್ದಾಗ ಶಾಲೆಯಿಂದ ಮೈಸೂರಿಗೆ ಪ್ರವಾಸ ಹೊರಟಿತ್ತು. ಇಬ್ಬರೂ ಹೆಸರು ಕೊಟ್ಟಿದ್ದರು. ತಂದೆಯ ಕೈಯಲ್ಲಿ ಒಬ್ಬರಿಗಾಗುವಷ್ಟು ಹಣವಿತ್ತು. "ಹುಡುಗ ಹೋಗಿಬರಲಿ, ಅವಳಿಗೆ ಮುಂದೆ ಆದೀತು" ಎಂದರು. ಹುಡುಗ ಹೋಗಿ ಬಂದ. ಬಂದವನು ತಿಂಗಳುಗಟ್ಟಲೆ ತಂಗಿಗೆ ಸಿಂಹದ ವರ್ಣನೆ ಮಾಡಿದ. ಅದು ಗರ್ಜಿಸಿದರೆ ಕಾಲ ಕೆಳಗಿನ ನೆಲ ನಡುಗುವುದೆಂದೂ ಕಾವಲುಗಾರನೇ ಎರಡು ಹೆಜ್ಜೆ ಹಿಂದಕ್ಕೆ ಸರಿದನೆಂದೂ ಹೇಳಿದ. ಅವಳು ರಾತ್ರಿ ಹಿತ್ತಿಲ ಬಾಗಿಲಿಗೆ ಒಬ್ಬಳೇ ಹೋಗಲು ಹೆದರುವಷ್ಟು ಅದನ್ನು ನಂಬಿದಳು.

ಮೈಸೂರಿನ ಮೃಗಾಲಯ ಚಾಮರಾಜೇಂದ್ರ ಒಡೆಯರು 1892ರಲ್ಲಿ ಹತ್ತು ಎಕರೆಯಷ್ಟು ಜಾಗದಲ್ಲಿ ಪ್ರಾರಂಭಿಸಿದ್ದು; ಈಗ ನೂರೈವತ್ತು ಎಕರೆಯನ್ನು ಮೀರಿ ಹಬ್ಬಿದೆ. ಮಂಗಳವಾರವೊಂದು ಬಿಟ್ಟು ಉಳಿದ ದಿನಗಳಲ್ಲೆಲ್ಲ ತೆರೆದಿರುತ್ತದೆ. ದೊಡ್ಡ ಮರಗಳ ನೆರಳಿನ ಹಾದಿ ಕೊನೆಯವರೆಗೂ ಬಿಸಿಲು ತಾಗಗೊಡದು. ಜಿರಾಫೆಯ ಬಳಿ ತಂಗಿ ಬಹಳ ಹೊತ್ತು ನಿಂತಳು; ಅಷ್ಟೆತ್ತರದಲ್ಲಿದ್ದರೂ ಅದರ ಕಣ್ಣು ಕರುವಿನ ಕಣ್ಣಿನಂತಿದೆ ಎಂದಳು. ಕೊನೆಗೆ ಸಿಂಹ ಬಂದಿತು - ಎಂದರೆ, ಅವರು ಸಿಂಹದ ಬಳಿಗೆ ಬಂದರು. ವನರಾಜನು ಮರದ ಬುಡದಲ್ಲಿ ನಾಲ್ಕು ಕಾಲುಗಳನ್ನೂ ಚಾಚಿ, ಬಾಯಿ ಅರೆ ತೆರೆದು, ನೊಣಗಳ ಪರಿವೆಯೂ ಇಲ್ಲದೆ ನಿದ್ರಿಸುತ್ತಿದ್ದ.

"ಇಷ್ಟು ವರ್ಷ ನನ್ನನ್ನು ಹೆದರಿಸಿದ್ದು ಇವನೇನು?" ಎಂದಳು ತಂಗಿ.

"ಅವನ ಅಜ್ಜನಿರಬೇಕು" ಎಂದ ಅಣ್ಣ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕಪಕ್ಕದ ಮಕ್ಕಳು ಸಿಂಹವನ್ನು ಬಿಟ್ಟು ಅವಳನ್ನು ನೋಡಿದರು. ಅಣ್ಣನೂ ನಕ್ಕ, ಆದರೆ ಅವನ ನಗೆ ಬೇಗ ನಿಂತಿತು. ಆ ಪ್ರವಾಸದ ಹಣವೆಷ್ಟೆಂದು ಅವನಿಗೆ ಮರೆತುಹೋಗಿತ್ತು. ತಾನು ಬಸ್ಸು ಹತ್ತಿದಾಗ ಅವಳು ಶಾಲೆಯ ಗೇಟಿನ ಬಳಿ ಎಲ್ಲಿ ನಿಂತಿದ್ದಳೆಂಬುದು ಮರೆತಿರಲಿಲ್ಲ.

ಮಧ್ಯಾಹ್ನದ ಊಟ ಒಂದು ಹೋಟೆಲಿನಲ್ಲಿ, ಬಾಳೆಯೆಲೆಯ ಮೇಲೆ. ಕೋಸಂಬರಿ, ಪಲ್ಯ, ಹುಳಿ, ತಿಳಿಸಾರು, ಮಜ್ಜಿಗೆ - ವಿಶೇಷವೇನೂ ಇಲ್ಲ. ವಿಶೇಷವಿದ್ದದ್ದು ಅವಳು ಉಂಡ ರೀತಿಯಲ್ಲಿ. ಬಡಿಸುವವರು ಬೇರೆ ಇದ್ದರು; ಅನ್ನ ಬಿಸಿಯಾಗಿತ್ತು; ನಡುವೆ ಎದ್ದು ಯಾರಿಗೂ ತುಪ್ಪ ತರಬೇಕಾಗಿರಲಿಲ್ಲ. ಎರಡನೆಯ ಸಲ ಸಾರು ಹಾಕಿಸಿಕೊಂಡು, "ಹೀಗೆ ಕೂತು ಉಂಡರೆ ಹೊಟ್ಟೆ ತುಂಬಿದ್ದೂ ಗೊತ್ತಾಗುತ್ತದೆ ನೋಡು" ಎಂದಳು.

ಊಟವಾದ ಮೇಲೆ ಕೂರುವುದಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಗಿಂತ ಒಳ್ಳೆಯ ಜಾಗ ಮೈಸೂರಿನಲ್ಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯಲ್ಲಿ ಹೆಜ್ಜಾರ್ಲೆಗಳು ದೋಣಿಗಳಂತೆ ತೇಲುತ್ತಿರುತ್ತವೆ. ಕೆರೆಯ ಮಗ್ಗುಲಿಗೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಅದರ ಎತ್ತರದ ದಿಬ್ಬದ ಮೇಲೆ ನಿಂತಿದೆ ಜಯಲಕ್ಷ್ಮಿ ವಿಲಾಸ. ಮಧ್ಯಾಹ್ನದ ಬಿಸಿಲು ಸ್ವಲ್ಪ ಇಳಿದ ಮೇಲೆ ಇಬ್ಬರೂ ಅತ್ತ ನಡೆದು ಕಂಬಸಾಲುಗಳ ಆ ಮಹಲನ್ನು ಹೊರಗಿನಿಂದಲೇ ನೋಡಿದರು.

ಇದನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1905ರ ಸುಮಾರಿಗೆ ತಮ್ಮ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದರು. ನೂರಕ್ಕೂ ಹೆಚ್ಚು ಕೋಣೆಗಳು. 1959ರಲ್ಲಿ ಇದು ವಿಶ್ವವಿದ್ಯಾನಿಲಯದ ವಶಕ್ಕೆ ಬಂದಿತು. ಹತ್ತು ವರ್ಷದೊಳಗೆ ಜಾನಪದ ವಸ್ತುಸಂಗ್ರಹಾಲಯವೂ ಇಲ್ಲಿ ರೂಪುಗೊಂಡಿತು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ, ವಿದ್ವಾಂಸ ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ತಿರುಗಿ ಕೂಡಿಹಾಕಿದ ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ಕಿರೀಟಗಳೊಡನೆ, ಬಡವರ ಮನೆಯ ಮೊರ, ಕೊಳಗ, ಬೀಸುವ ಕಲ್ಲುಗಳೂ ರಾಜಕುಮಾರಿಯ ಮಹಲಿನಲ್ಲಿ ವಾಸಕ್ಕೆ ಬಂದವು.

"ಅಕ್ಕನಿಗೆ ಇಷ್ಟು ದೊಡ್ಡ ಮನೆ ಕಟ್ಟಿಸಿದರೇ! ಮಿಕ್ಕ ಹೆಣ್ಣುಮಕ್ಕಳಿಗೆ?" ಎಂದು ತಂಗಿ ಕೇಳಿದಳು.

ಮಿಕ್ಕವರಿಗೂ ಇತ್ತು. ಮೂರನೆಯ ರಾಜಕುಮಾರಿ ಚೆಲುವಾಜಮ್ಮಣ್ಣಿಯವರದು ಚೆಲುವಾಂಬ ಮಹಲು. ಅದರಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಕ್ಷಯರೋಗಕ್ಕೆ ತುತ್ತಾದ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಊರಿನ ಕ್ಷಯರೋಗದ ಆಸ್ಪತ್ರೆ ಹೊತ್ತಿದೆ. ಮೈಸೂರನ್ನು ಅರಮನೆಗಳ ಊರೆನ್ನುವವರು ಒಂದು ಮಾತು ಮರೆಯುತ್ತಾರೆ: ಆ ಅರಮನೆಗಳಲ್ಲಿ ಹಲವು, ಒಬ್ಬ ಅರಸು ತನ್ನ ಒಡಹುಟ್ಟಿದವರಿಗೆ ಕೊಟ್ಟ ಮನೆಗಳು. ಅರಸು ಮನಸ್ಸು ಮಾಡಿದ್ದರಿಂದ ಅವರಿಗೆ ಅವು ದೊರೆತವು. ಅರಸರಲ್ಲದವರ ಅಕ್ಕತಂಗಿಯರಿಗೆ 1956ರ ಕಾಯಿದೆ ಬಂದು, ಯಾರೂ ಮನಸ್ಸು ಮಾಡಬೇಕಾದ ಅಗತ್ಯವೇ ಇಲ್ಲದಂತೆ ಮಾಡಿತು. ಆದರೂ ಪಾಲು ಕೇಳಿದವಳಿಗೆ ತವರಿಲ್ಲ ಎಂಬ ಭಯ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಒಂದೇ ಸಮನಾಗಿದೆ. ಆ ಭಯದ ಮುಂದೆ ಕಾಯಿದೆಯ ಪುಸ್ತಕ ಹಗುರ.

ಅಣ್ಣ ಇದೊಂದನ್ನೂ ಆಡಲಿಲ್ಲ. ಮಹಲಿನ ಒಳಗೆ ಏನೇನಿದೆ ಎಂಬುದನ್ನಷ್ಟೇ ವಿವರಿಸಿದ. ಬೀಸುವ ಕಲ್ಲಿನ ಮಾತು ಬಂದಾಗ ತಂಗಿ ಚಟ್ಟನೆ, "ಅಮ್ಮನ ಬೀಸುವ ಕಲ್ಲು ಹಿತ್ತಿಲಿನಲ್ಲಿಯೇ ಇದೆಯೇ?" ಎಂದು ಕೇಳಿದಳು. ಇದೆ ಎಂದ. "ಮನೆ ಕೊಂಡವರು ಅದನ್ನು ಎಸೆದುಬಿಡುತ್ತಾರೆ" ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು.

ಸಂಜೆಯ ಹೊತ್ತು ದೇವರಾಜ ಮಾರುಕಟ್ಟೆಯದು. 2016ರಲ್ಲಿ ಈ ಹಳೆಯ ಕಟ್ಟಡದ ಉತ್ತರ ದ್ವಾರದ ಭಾಗ ಕುಸಿದುಬಿದ್ದಿತು; ಕೆಡವಬೇಕೋ ಉಳಿಸಬೇಕೋ ಎಂಬ ವಾದ ನ್ಯಾಯಾಲಯದವರೆಗೂ ನಡೆಯಿತು. ವಾದದ ಗೊಡವೆ ಹೂವಿಗಿಲ್ಲ. ಗೋಪುರಗಳಂತೆ ಪೇರಿಸಿದ ಕುಂಕುಮ, ಕಟ್ಟುಕಟ್ಟಾದ ವೀಳೆಯದೆಲೆ, ನಂಜನಗೂಡಿನ ರಸಬಾಳೆಯ ಗೊನೆ, ಇವುಗಳ ನಡುವೆ ಮೈಸೂರು ಮಲ್ಲಿಗೆಯ ಪರಿಮಳ ದಾರಿ ತೋರಿಸುತ್ತಿತ್ತು. ತಂಗಿ ಚೌಕಾಸಿ ಮಾಡಿ ಎರಡು ಮಾರು ಹೂವು ಕೊಂಡಳು: ಒಂದು ತನಗೆ, ಒಂದು ಅತ್ತಿಗೆಗೆ.

ಹೊರಗೆ ಬಂದಾಗ ರೇಷ್ಮೆಯ ಅಂಗಡಿಯೊಂದು ಕಾಣಿಸಿತು. ಮೈಸೂರು ರೇಷ್ಮೆಯ ಸರಕಾರಿ ನೇಯ್ಗೆ ಕಾರ್ಖಾನೆ 1912ರಲ್ಲಿ ಪ್ರಾರಂಭವಾದದ್ದು. ಚಿನ್ನದ ಜರಿಯ ಆ ಸೀರೆಯನ್ನು ಬಯಸದ ಹೆಣ್ಣು ಈ ಸೀಮೆಯಲ್ಲಿ ವಿರಳ. ಅಣ್ಣ ಹುರುಪಿನಿಂದ, "ಬಾ, ನಿನಗೊಂದು ಸೀರೆ ತೆಗೆಯೋಣ" ಎಂದು ಮೆಟ್ಟಿಲು ಹತ್ತಿದ.

ತಂಗಿ ಕೆಳಗೆಯೇ ನಿಂತಳು. "ಸೀರೆ ನಾಳೆಗಲ್ಲವೇ, ಅಣ್ಣ? ರುಜುವಾದ ಮೇಲೆ ಕೊಡುತ್ತೀಯಲ್ಲ. ಎರಡೆರಡು ಯಾಕೆ ದಂಡ?" ಎಂದಳು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅಣ್ಣನ ಕೈಗೆ ಖರ್ಚು ಕಡಿಮೆಯಾಗಲಿ ಎಂಬ ಕಾಳಜಿಯಷ್ಟೇ ಇತ್ತು. ಅವನು ಮೆಟ್ಟಿಲಿಳಿದು ಬಂದ. ಅಲ್ಲಿಂದ ಅರಮನೆಯ ಬಾಗಿಲವರೆಗೆ ಏನೂ ಮಾತನಾಡಲಿಲ್ಲ.

ಭಾನುವಾರ ಸಂಜೆ ಏಳು ಗಂಟೆಗೆ ಅರಮನೆಗೆ ದೀಪ ಹತ್ತುತ್ತದೆ. ಅದಕ್ಕೆ ಮೊದಲೇ ಅಂಗಳ ತುಂಬಿಹೋಗಿತ್ತು. ಕತ್ತಲು ಕವಿಯುವವರೆಗೆ ಕಾಯುತ್ತ ಅಣ್ಣನೇ ಮೌನ ಮುರಿದು ಅರಮನೆಯ ಕಥೆ ಹೇಳಿದ. ಇಲ್ಲಿ ಮೊದಲು ಮರದ ಅರಮನೆಯಿತ್ತು. 1897ರಲ್ಲಿ, ಅವರು ಆಗತಾನೆ ಮಹಲು ನೋಡಿಬಂದ ಅದೇ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿದ್ದು ಅರಮನೆಯ ಬಹುಭಾಗ ಸುಟ್ಟುಹೋಯಿತು. ಅರಸು ಇನ್ನೂ ಬಾಲಕ. ರಾಜಪ್ರತಿನಿಧಿಯಾಗಿದ್ದ ತಾಯಿ ವಾಣಿವಿಲಾಸ ಸನ್ನಿಧಾನದವರು ಎದೆಗುಂದದೆ, ಹೆನ್ರಿ ಇರ್ವಿನ್ ಎಂಬ ಶಿಲ್ಪಿಯಿಂದ ನಕ್ಷೆ ಮಾಡಿಸಿ ಹೊಸದನ್ನು ಕಟ್ಟಲು ತೊಡಗಿದರು. 1912ರಲ್ಲಿ ಅದು ಮುಗಿಯಿತು. ಖರ್ಚು ನಲವತ್ತೊಂದು ಲಕ್ಷ ರೂಪಾಯಿಗೂ ಮಿಗಿಲು.

"ಮದುವೆಯಲ್ಲಿ ಮನೆ ಸುಟ್ಟರೆ ಮಗಳನ್ನು ಎಷ್ಟು ಜನ ಅಂದಿದ್ದಾರೋ, ಪಾಪ" ಎಂದಳು ತಂಗಿ.

"ಅಂದಿರಬಹುದು. ತಮ್ಮ ಮಾತ್ರ ಅವಳಿಗೆ ದಿಬ್ಬದ ಮೇಲೆ ಮನೆ ಕಟ್ಟಿಸಿದ."

ಅಷ್ಟರಲ್ಲಿ ದೀಪಗಳು ಹತ್ತಿದವು. ಲಕ್ಷಕ್ಕೆ ಹತ್ತಿರಹತ್ತಿರ ಬಲ್ಬುಗಳು ಒಂದೇ ಕ್ಷಣದಲ್ಲಿ ಬೆಳಗಿ, ಗುಮ್ಮಟ, ಕಮಾನು, ಕಂಬ, ಕೋಟೆಯ ಬಾಗಿಲುಗಳ ಗೆರೆಗೆರೆಯೂ ಚಿನ್ನದ ನೂಲಿನಲ್ಲಿ ಹೊಲಿದಂತೆ ಕತ್ತಲಲ್ಲಿ ಮೂಡಿತು. ಸಾವಿರಾರು ಬಾಯಿಗಳಿಂದ ಒಮ್ಮೆಗೇ "ಹಾ!" ಎಂಬ ಉದ್ಗಾರ. ತಂಗಿ ಅಣ್ಣನ ತೋಳು ಹಿಡಿದುಕೊಂಡಳು, ಹಿತ್ತಿಲ ಬಾಗಿಲಿಗೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದಂತೆ.

"ನಾಳೆ ಬಿಡುಗಡೆ ಪತ್ರ ಬೇಡ" ಎಂದ ಅಣ್ಣ, ಅರಮನೆಯನ್ನೇ ನೋಡುತ್ತ. "ನಾಳೆ ಸುಮ್ಮನೆ ಹೋಗಿ ಮನೆ ನೋಡಿಕೊಂಡು ಬರೋಣ. ಮಾರುವ ದಿನ ಕ್ರಯಪತ್ರಕ್ಕೆ ಇಬ್ಬರೂ ರುಜು ಹಾಕೋಣ. ಬಂದದ್ದರಲ್ಲಿ ಅರ್ಧ ನಿನ್ನದು."

ತಂಗಿಯ ಕೈ ಸಡಿಲಿತು. ಬಹಳ ಹೊತ್ತು ಅವಳು ಮಾತನಾಡಲಿಲ್ಲ. ಆಮೇಲೆ ಕೇಳಿದ್ದು ಹಣದ ಮಾತನ್ನಲ್ಲ. "ಅತ್ತಿಗೆ ಏನೆನ್ನುತ್ತಾರೆ?" ಎಂದಳು.

"ಬೆಳಗ್ಗೆ ನಿನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದವಳು ಅವಳೇ. ರಾತ್ರಿ ಅವಳನ್ನೇ ಕೇಳು."

"ಆಮೇಲೆ ನಾನು ಬರಬಹುದೇ?" ಎಂದಳು ತಂಗಿ. ಧ್ವನಿ ಅವಳಿಗೇ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗಿತ್ತು.

ಅಣ್ಣನಿಗೆ ಆ ಪ್ರಶ್ನೆಯ ಭಾರ ತಿಳಿಯಿತು. ದೊಡ್ಡ ಮಾತಾಡುವ ಅಭ್ಯಾಸ ಅವನಿಗಿರಲಿಲ್ಲ. "ಗೌರಿಹಬ್ಬಕ್ಕೆ ರೈಲಿನ ಟಿಕೆಟ್ ನಾನೇ ತೆಗೆಸಿ ಕಳಿಸುತ್ತೇನೆ. ಬಾಗಿನ ಇಲ್ಲೇ. ಆ ಸಲ ಶ್ರೀರಂಗಪಟ್ಟಣ, ಕನ್ನಂಬಾಡಿ ನೋಡಿದರಾಯಿತು. ಇವತ್ತು ಎಲ್ಲ ಎಲ್ಲಿ ಮುಗಿಯಿತು?" ಎಂದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ದೀಪಗಳ ಕಡೆ ತಿರುಗಿದಳು. ದೀಪೋತ್ಸವ ಇರುವುದು ಸುಮಾರು ಮುಕ್ಕಾಲು ಗಂಟೆ. ಹತ್ತಿದಷ್ಟೇ ತಟ್ಟನೆ ಅದು ಆರುತ್ತದೆ. ಆರಿದಾಗ ಕತ್ತಲು ಮೊದಲಿಗಿಂತ ದಟ್ಟವಾಗಿ ಕಾಣುತ್ತದೆ. ಜನ ಬಾಗಿಲ ಕಡೆಗೆ ಹರಿಯತೊಡಗಿದರು. ಮಲ್ಲಿಗೆಯ ಪೊಟ್ಟಣ ನಲುಗದಂತೆ ಎದೆಗೊತ್ತಿ ಹಿಡಿದು ಅಣ್ಣನ ಹಿಂದೆ ನಡೆಯುತ್ತಿದ್ದ ತಂಗಿ ಏನೋ ನೆನಪಾದವಳಂತೆ ಕೂಗಿದಳು:

"ಅಣ್ಣ, ಬೀಸುವ ಕಲ್ಲು ಮಾತ್ರ ಪೂರ್ತಿ ನನ್ನದು. ಮೇಲಿನ ಕಲ್ಲು ನಿನಗೆ, ಕೆಳಗಿನ ಕಲ್ಲು ನನಗೆ ಅಂದರೆ ನಾನು ಒಪ್ಪುವವಳಲ್ಲ!"

"ಆಗಲಿ ಮಾರಾಯಿತಿ, ರೈಲಿನಲ್ಲಿ ಹೊರುವವಳು ನೀನು ತಾನೆ" ಎಂದ ಅಣ್ಣ. ಇಬ್ಬರೂ ಬಸ್ಸಿನ ನಿಲ್ದಾಣದ ಕಡೆ ಹೆಜ್ಜೆ ಹಾಕಿದರು. ಮನೆಯಲ್ಲಿ ಅತ್ತಿಗೆ ಊಟಕ್ಕೆ ಕಾಯುತ್ತಿದ್ದಳು.